ಎರಡನೇ ನೌಕರಿಯ ಊರು

ಪದವಿಯ ಕೊನೆಯ ಸೆಮಿಸ್ಟರ್‌ಗೆ ಬಂದ ಮಕ್ಕಳಿಗೆ ನಾನು ಪ್ರತಿವರ್ಷ ತಪ್ಪದೇ ಒಂದು ಪ್ರಶ್ನೆ ಕೇಳುತ್ತಿದ್ದೆ: ‘ಓದು ಮುಗಿದ ಮೇಲೆ ಯಾವ ಊರಲ್ಲಿ ಕೆಲಸ ಮಾಡಬೇಕು ಅಂತೀರಿ?’ ಹುಬ್ಬಳ್ಳಿಯ ಕಾಲೇಜಿನ ತರಗತಿ ಅದು. ನವಲಗುಂದ, ಕುಂದಗೋಳ, ಶಿಗ್ಗಾವಿ, ಗದಗದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವವರೇ ಹೆಚ್ಚು. ಬೆಂಗಳೂರು ಎಂದಾಗ ಎಷ್ಟು ಕೈ ಎದ್ದವು ಎನ್ನುವುದಕ್ಕಿಂತ ಎಷ್ಟು ಏಳಲಿಲ್ಲ ಎಂದು ಎಣಿಸುವುದೇ ಸುಲಭವಾಗಿತ್ತು. ಯಾಕೆ ಎಂದರೆ ‘ಪಗಾರ ಜಾಸ್ತಿ’ ಎನ್ನುತ್ತಿದ್ದರು. ನಾನೂ ಅದನ್ನೇ ಉತ್ತರವೆಂದು ಒಪ್ಪಿಕೊಂಡು ಪಾಠಕ್ಕೆ ತಿರುಗುತ್ತಿದ್ದೆ.

ಒಂದು ವರ್ಷ ಕುಂದಗೋಳದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಬಿ.ಕಾಂ. ವಿದ್ಯಾರ್ಥಿನಿ. ಗೋಕುಲ ರಸ್ತೆಯ ಸಣ್ಣ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ ಆಗಲೇ ಗೊತ್ತಾಗಿತ್ತು. ‘ಇಲ್ಲೂ ನೌಕರಿ ಸಿಗತಾವ್ರಿ ಸರ್. ಆದ್ರ ಅದು ಹೋದ್ರ ಮುಂದ ಏನ್ ಮಾಡೂದ್ರಿ?’ ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಪದವೀಧರರು ಕೆಲಸಕ್ಕೆ ಊರನ್ನು ಹೇಗೆ ಆರಿಸಿಕೊಳ್ಳುತ್ತಾರೆ ಎಂಬ ಬಗ್ಗೆ ಆಮೇಲೆ ಸಾಕಷ್ಟು ಓದಿದ್ದೇನೆ. ಓದಿದ್ದೆಲ್ಲ ಮತ್ತೆ ಅವಳ ಪ್ರಶ್ನೆಗೇ ಬಂದು ಸೇರುತ್ತದೆ. ಊರು ಆರಿಸುವಾಗ ಮಕ್ಕಳ ಕಣ್ಣು ಮೊದಲ ನೌಕರಿಯಾಚೆಗೂ ಹೋಗುತ್ತದೆ. ಎರಡನೆಯದು, ಮೂರನೆಯದು ಅದೇ ಊರಲ್ಲಿ ಸಿಕ್ಕೀತೇ ಎಂದು ಅಳೆಯುತ್ತಾರೆ. ಯಾವುದೇ ಸರ್ಕಾರ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡುವಾಗ ಹೇಳುವುದು ಮೊದಲ ನೌಕರಿಯ ಲೆಕ್ಕ. ಮನೆಗಳಲ್ಲಿ ನಡೆಯುವುದು ಎರಡನೆಯದರ ಲೆಕ್ಕ.

ಪಗಾರದ ಮಾತನ್ನು ಮೊದಲು ಮುಗಿಸೋಣ. ಅವಳಿಗೆ ಹುಬ್ಬಳ್ಳಿಯಲ್ಲಿ ತಿಂಗಳಿಗೆ ₹15,000 ಕೊಡುತ್ತೇವೆಂದಿದ್ದರು, ಬೆಂಗಳೂರಿನಲ್ಲಿ ₹24,000. ಇಬ್ಬರೂ ಕೂತು ಹಾಳೆಯ ಮೇಲೆ ಬರೆದು ನೋಡಿದೆವು. ಮೂವರು ಹಂಚಿಕೊಳ್ಳುವ ಪಿ.ಜಿ. ಕೋಣೆಗೆ ₹8,000. ಬಸ್ಸು, ಮಧ್ಯಾಹ್ನದ ಊಟ, ಮೊಬೈಲು, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವುದು ಎಲ್ಲ ಸೇರಿ ಇನ್ನೊಂದು ₹7,000. ಉಳಿಯುವುದು ₹9,000. ಮನೆಯಿಂದಲೇ ಹುಬ್ಬಳ್ಳಿಗೆ ಓಡಾಡಿದರೆ ಬಸ್ ಪಾಸು, ಚಹಾ ಕಳೆದು ₹13,000 ಕೈಯಲ್ಲಿ ನಿಲ್ಲುತ್ತಿತ್ತು. ಲೆಕ್ಕ ಹುಬ್ಬಳ್ಳಿಯ ಪರವಾಗಿತ್ತು. ಅವಳು ಬೆಂಗಳೂರಿನ ಬಸ್ಸು ಹತ್ತಿದಳು.

ಅವಳು ಲೆಕ್ಕ ತಪ್ಪಿರಲಿಲ್ಲ. ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲೇ ಇದನ್ನು ವಿವರಿಸಿದ್ದಾರೆ: ಪಟ್ಟಣಕ್ಕೆ ಹೊರಡುವವರು ಅಲ್ಲಿನ ಸಂಬಳವನ್ನು, ಕೆಲಸ ಸಿಗುವ ಸಾಧ್ಯತೆಯೊಂದಿಗೆ ಗುಣಿಸಿ ನೋಡುತ್ತಾರೆ. ಅದಕ್ಕೂ ಮೊದಲು, 1890ರಲ್ಲಿ, ಆಲ್‌ಫ್ರೆಡ್ ಮಾರ್ಷಲ್ ಒಂದೇ ಬಗೆಯ ಉದ್ದಿಮೆಗಳು ಒಂದೇ ಊರಲ್ಲಿ ಯಾಕೆ ಗುಂಪುಗೂಡುತ್ತವೆ ಎಂದು ಬರೆದರು. ಅಂಥ ಊರಲ್ಲಿ ಕಸುಬು ಬಲ್ಲವನಿಗೆ ಧಣಿಗಳು ಹಲವರು, ಧಣಿಗೆ ಕಸುಬು ಬಲ್ಲವರು ಹಲವರು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದು. ಆ ಹುಡುಗಿ ತಿಂಗಳಿಗೆ ನಾಲ್ಕು ಸಾವಿರ ಬಿಟ್ಟುಕೊಟ್ಟು ಪಡೆದದ್ದು ಈ ಭರವಸೆಯನ್ನು. ಒಂದು ರೀತಿಯಲ್ಲಿ ಅದು ವಿಮೆಯ ಕಂತು.

ಒಂದೇ ಬಾಗಿಲಿನ ಊರು ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ದೀಪ ಕಂಡ ಊರು ಅದು. ಗಣಿಯದೇ ಆಸ್ಪತ್ರೆ, ಗಣಿಯದೇ ಕ್ಲಬ್ಬು, ಗಣಿಯದೇ ಮನೆಗಳು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ, ಗಣಿಯ ಕೆಲಸ ಬಲ್ಲವರಿಗೆ ಅದನ್ನು ಮಾಡಲು ಆ ಊರಲ್ಲಿ ಬೇರೆ ಜಾಗವೇ ಇರಲಿಲ್ಲ. ಇಂದಿಗೂ ಕೆಜಿಎಫ್‌ನ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಹೊತ್ತು ಮನೆ ಸೇರುತ್ತಾರೆ. ಮಕ್ಕಳು ಪದವಿ ಮುಗಿಸಿದರೂ ಹಿಡಿಯುವುದು ಅದೇ ರೈಲನ್ನು. ಒಂದು ದೊಡ್ಡ ಕಂಪನಿ ಬಂದರೆ ಊರು ಉದ್ಧಾರವಾಯಿತು ಎನ್ನುವ ಮುನ್ನ ಆ ರೈಲನ್ನು ನೆನೆಯಬೇಕು.

ಬೆಂಗಳೂರಿಗೆ ಇಷ್ಟು ಬಾಗಿಲುಗಳು ಒಮ್ಮೆಲೇ ಬಂದವಲ್ಲ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಈ ಕಾರ್ಖಾನೆಗಳ ಸುತ್ತ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು, ಪಾಲಿಟೆಕ್ನಿಕ್‌ಗಳು, ಎಂಜಿನಿಯರ್‌ಗಳ ಬಡಾವಣೆಗಳು ಎದ್ದವು. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಸಜ್ಜುಗೊಳಿಸಿತು. ಪುಣೆಯಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಪ್ರತಿಯೊಂದೂ ಮುಂದಿನದಕ್ಕೆ ಜನರನ್ನು ತಯಾರು ಮಾಡಿಟ್ಟಿತು. 2001ರಿಂದ 2011ರ ನಡುವೆ ಇಡೀ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಬೆಳೆದು 96 ಲಕ್ಷ ದಾಟಿತು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಈ ಒಂದೇ ಜಿಲ್ಲೆಯದು.

ಎರಡು ವರ್ಷದ ನಂತರ ಬೇರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಅವಳನ್ನು ಬಿಟಿಎಂ ಲೇಔಟಿನಲ್ಲಿ ಕಂಡೆ. ಹೆಣ್ಣುಮಕ್ಕಳ ಪಿ.ಜಿ.ಗೆ ಗಂಡಸರು ಹೋಗುವಂತಿಲ್ಲ. ಪಕ್ಕದ ದರ್ಶಿನಿಯಲ್ಲಿ ನಿಂತುಕೊಂಡೇ ಕಾಫಿ ಕುಡಿದೆವು. ಅವಳು ಹೇಳಿದ್ದು ಇಷ್ಟು: ಮೊದಲು ಸೇರಿದ ಕಂಪನಿ ಎಂಟೇ ತಿಂಗಳಲ್ಲಿ ಅವಳಿದ್ದ ವಿಭಾಗವನ್ನೇ ಮುಚ್ಚಿತು. ಆ ರಾತ್ರಿ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಮೂರನೇ ಮಹಡಿಯ ತುಮಕೂರಿನ ಹುಡುಗಿಗೆ ವಿಷಯ ಗೊತ್ತಾಯಿತು. ಇಬ್ಬರಿಗೂ ಅಂಥ ಗೆಳೆತನವೇನಿರಲಿಲ್ಲ. ‘ನಮ್ಮ ಆಫೀಸಲ್ಲಿ ಜಿಎಸ್‌ಟಿ ನೋಡೋರು ಬೇಕಂತೆ, ರೆಸ್ಯೂಮೆ ಕಳ್ಸು’ ಎಂದಳಂತೆ. ಹನ್ನೆರಡನೇ ದಿನ ಹೊಸ ಕೆಲಸ. ಮಂಚ ಅದೇ, ಕಪಾಟು ಅದೇ, ಬಸ್ಸಿನ ನಂಬರು ಮಾತ್ರ ಬೇರೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಸಾರ ಆ ಊಟದ ಸಾಲಿನಲ್ಲಿತ್ತು. ಕೆಲಸದ ಸುದ್ದಿ ಆಪ್ತರಿಗಿಂತ ಅಲ್ಪಸ್ವಲ್ಪ ಪರಿಚಯದವರಿಂದಲೇ ಹೆಚ್ಚು ಬರುತ್ತದೆ. ಆಪ್ತರಿಗೆ ಗೊತ್ತಿರುವುದು ನಮಗೂ ಮೊದಲೇ ಗೊತ್ತಿರುತ್ತದೆ ಎಂಬುದು ಅವರು ಕಂಡುಕೊಂಡದ್ದು. ನಮ್ಮೂರಲ್ಲಿ ಬೀಗರು, ಬಳಗ, ಓಣಿಯ ಹಿರಿಯರು ಕಷ್ಟಕ್ಕೆ ಆಗುತ್ತಾರೆ. ಆದರೆ ಎಲ್ಲರಿಗೂ ಗೊತ್ತಿರುವುದು ಅದೇ ನಾಲ್ಕು ಅಂಗಡಿ, ಅದೇ ಎರಡು ಕಂಪನಿ.

ದೊಡ್ಡ ಊರು ಕೆಲಸ ಕೊಡುವುದರ ಜೊತೆಗೆ ಕೆಲಸ ಕಲಿಸುತ್ತದೆ. ಹೊರ್ಹೆ ದೆ ಲಾ ರೋಕಾ ಮತ್ತು ದಿಯೆಗೊ ಪೂಗಾ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪೇನ್‌ನ ನೌಕರರ ವೃತ್ತಿಜೀವನದ ದಾಖಲೆಗಳನ್ನು ಹಿಂಬಾಲಿಸಿದರು. ಮ್ಯಾಡ್ರಿಡ್, ಬಾರ್ಸಿಲೋನಾಗೆ ಹೋದವರು ಹುಟ್ಟಾ ಹೆಚ್ಚು ಬುದ್ಧಿವಂತರೇನಲ್ಲ ಎಂದು ಅವರಿಗೆ ಕಂಡುಬಂತು. ಆದರೆ ಅಲ್ಲಿ ಕಳೆದ ಒಂದೊಂದು ವರ್ಷದ ಅನುಭವಕ್ಕೂ ಬೆಲೆ ಹೆಚ್ಚು. ಬಹಳ ಮುಖ್ಯವಾದ ಸಂಗತಿ ಇನ್ನೊಂದಿದೆ: ಅವರು ಆಮೇಲೆ ಸಣ್ಣ ಊರಿಗೆ ಬಂದರೂ ಆ ಗಳಿಕೆಯ ಬಹುಪಾಲು ಅವರ ಜೊತೆಗೇ ಬಂತು. ಈ ಮಾತನ್ನು ನೆನಪಿಡಿ, ಕೊನೆಗೆ ಇದಕ್ಕೇ ಬರುತ್ತೇನೆ.

ಹೆಣ್ಣುಮಕ್ಕಳ ಲೆಕ್ಕದಲ್ಲಿ ಇನ್ನೂ ಒಂದು ಅಂಕಣ ಇರುತ್ತದೆ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ದಾರಿ ಸುರಕ್ಷಿತವಾಗಿರಲಿ ಎಂಬ ಒಂದೇ ಕಾರಣಕ್ಕೆ, ಅಂಕಗಳಿಗೆ ದಕ್ಕುತ್ತಿದ್ದ ಒಳ್ಳೆಯ ಕಾಲೇಜನ್ನು ಬಿಟ್ಟು ಅದಕ್ಕಿಂತ ಕೆಳಗಿನದನ್ನು ಅವರು ಆರಿಸಿಕೊಳ್ಳುತ್ತಿದ್ದರು. ಕೆಲಸದ ಊರನ್ನು ಆರಿಸುವಾಗಲೂ ಇದೇ ಲೆಕ್ಕ ನಡೆಯುತ್ತದೆ. ರಾತ್ರಿ ಎಂಟರ ಮೇಲೆ ಬಸ್ಸು ಇದೆಯೇ? ಸ್ಟಾಪಿನಿಂದ ಕೋಣೆಯವರೆಗೆ ದೀಪ ಇದೆಯೇ? ಕಂಪನಿ ಕ್ಯಾಬ್ ಮನೆ ಬಾಗಿಲಿಗೆ ಬಿಡುತ್ತದೆಯೇ? ಬೆಂಗಳೂರು ಎಲ್ಲ ಕಡೆ, ಎಲ್ಲ ಹೊತ್ತಿನಲ್ಲೂ ಸುರಕ್ಷಿತ ಎಂದು ಯಾರೂ ಹೇಳಲಾರರು. ಆದರೂ ಅಲ್ಲಿ ಹೆಣ್ಣುಮಗಳೊಬ್ಬಳು ರಾತ್ರಿ ಒಂಬತ್ತಕ್ಕೆ ಬ್ಯಾಗು ಹೆಗಲಿಗೇರಿಸಿ ನಡೆದು ಬಂದರೆ ಓಣಿಯ ಕಿಟಕಿಗಳು ತೆರೆಯುವುದಿಲ್ಲ. ಎಷ್ಟೋ ಹುಡುಗಿಯರು ಊರು ಬಿಡುವುದಕ್ಕೆ ಈ ಸಂಗತಿ ಪಗಾರಕ್ಕಿಂತ ದೊಡ್ಡ ಕಾರಣ. ಅಪ್ಪನ ಮುಂದೆ ಹೇಳಲಾಗದೆ ‘ಪಗಾರ ಜಾಸ್ತಿ’ ಎನ್ನುತ್ತಾರೆ.

ಮದುವೆಯ ಮಾತು ಬಂದರೆ ಒಬ್ಬರ ಆಯ್ಕೆ ಇಬ್ಬರದಾಗುತ್ತದೆ. ಓದಿದ ಗಂಡ ಹೆಂಡತಿ ಇಬ್ಬರಿಗೂ ಅವರವರ ಓದಿಗೆ ತಕ್ಕ ಕೆಲಸ ಒಂದೇ ಊರಲ್ಲಿ ಬೇಕು. ಹಾಗಾಗಿಯೇ ಅಮೆರಿಕದಲ್ಲಿ ಪದವೀಧರ ದಂಪತಿಗಳು ದೊಡ್ಡ ನಗರಗಳಲ್ಲಿ ಹೆಚ್ಚಾಗುತ್ತಾ ಬಂದರು ಎಂದು ಡೋರಾ ಕೋಸ್ಟಾ ಮತ್ತು ಮ್ಯಾಥ್ಯೂ ಕಾನ್ 2000ದಲ್ಲಿ ತೋರಿಸಿದ್ದರು. ನಮ್ಮಲ್ಲಿ ಇದು ಹೆಣ್ಣು ನೋಡುವ ಹಂತದಲ್ಲೇ ತೀರ್ಮಾನವಾಗುತ್ತದೆ. ‘ಹುಡುಗ ಎಲ್ಲಿದ್ದಾನೆ?’ ಎಂಬ ಪ್ರಶ್ನೆಗೆ ಬೆಂಗಳೂರು ಎಂಬ ಉತ್ತರ ಕೇಳಿದರೆ ಮಾತು ಮುಂದುವರಿಯುತ್ತದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಭಾಗದ ಅವಿವಾಹಿತ ಯುವಕರು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ರೈತಾಪಿ ಮಕ್ಕಳೇ ಹೆಚ್ಚು. ಅದನ್ನು ನಗೆಯ ಸುದ್ದಿಯಾಗಿ ಓದಿದವರುಂಟು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಊರಲ್ಲೇ ಉಳಿದವನ ಮೇಲೆ ಊರಿಗೇ ನಂಬಿಕೆ ಹೋಗಿದೆ ಎಂಬುದಕ್ಕೆ ಅದಕ್ಕಿಂತ ನೋವಿನ ಸಾಕ್ಷಿ ಬೇರೆ ಬೇಕಿಲ್ಲ.

ಧಾರವಾಡದ ಸಪ್ತಾಪುರಕ್ಕೆ ಹೋದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಬೆಳಿಗ್ಗೆ ಆರಕ್ಕೇ ಕೋಚಿಂಗ್ ಸೆಂಟರ್‌ಗಳ ಮುಂದೆ ಸೈಕಲ್ಲು, ಚಪ್ಪಲಿಗಳ ರಾಶಿ. ರೀಡಿಂಗ್ ರೂಮುಗಳಲ್ಲಿ ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಲೈಟು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಓದುತ್ತಾ ಇಪ್ಪತ್ತೆರಡರ ಹುಡುಗರು ಮೂವತ್ತಕ್ಕೆ ಬರುತ್ತಾರೆ. ಸೋಮಾರಿಗಳು ಎಂದು ಇವರನ್ನು ಬೈಯುವವರು ಒಂದು ಸಂಗತಿ ಗಮನಿಸಬೇಕು. ಎರಡನೇ ನೌಕರಿಯ ಚಿಂತೆಯೇ ಇಲ್ಲದ ನೌಕರಿ ಎಂದರೆ ಸರ್ಕಾರಿ ನೌಕರಿ ಒಂದೇ. ರೋಣದಲ್ಲೋ ಸಿಂದಗಿಯಲ್ಲೋ ಹೆತ್ತವರ ಹತ್ತಿರವಿದ್ದು ಧೈರ್ಯವಾಗಿ ಬದುಕಲು ಪದವೀಧರನಿಗೆ ಇರುವ ದಾರಿಯೂ ಹೆಚ್ಚುಕಮ್ಮಿ ಅದೊಂದೇ. ಬಾಗಿಲುಗಳು ಕಡಿಮೆ ಇರುವಲ್ಲಿ ಎಂದೂ ಮುಚ್ಚದ ಬಾಗಿಲಿನ ಮುಂದೆ ಸಾಲು ಉದ್ದವಾಗುತ್ತದೆ.

ಬಾಗಿಲುಗಳು ಹೇಗೆ ಕಡಿಮೆಯಾಗುತ್ತವೆ ಎನ್ನುವುದನ್ನು ಕರಾವಳಿ ನೋಡಿದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂದು ಸಾಲು ಬ್ಯಾಂಕುಗಳು ಹುಟ್ಟಿದ ನೆಲ ಅದು. 2020ರ ಏಪ್ರಿಲ್‌ನಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಮುಂಬೈಯ ಯೂನಿಯನ್ ಬ್ಯಾಂಕಿನಲ್ಲಿ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಬೆಂಗಳೂರಿನ ಕೆನರಾದಲ್ಲಿ ವಿಲೀನವಾದವು. ಶಾಖೆಗಳು ಉಳಿದವು, ಕೌಂಟರಿನ ಕೆಲಸ ಉಳಿಯಿತು. ಊರಿಂದ ಹೋದದ್ದು ಪ್ರಧಾನ ಕಚೇರಿ. ಅದರ ಜೊತೆಗೆ ಲೆಕ್ಕಪರಿಶೋಧನೆ, ಕಾನೂನು, ತಂತ್ರಜ್ಞಾನ, ಸಿಬ್ಬಂದಿ ವಿಭಾಗಗಳಂಥ ಪದವೀಧರರ ಮೇಲಿನ ಮೆಟ್ಟಿಲುಗಳೂ ಹೋದವು. ಕೆಲಸವಿದ್ದರೂ ಮೆಟ್ಟಿಲಿಲ್ಲದ ಊರಲ್ಲಿ ಚುರುಕಿನ ಮಕ್ಕಳು ನಿಲ್ಲುವುದಿಲ್ಲ.

ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರನ್ನು ಕಂಡು ಇನ್ನು ನಗರ ಬೇಕಿಲ್ಲ ಎಂದು ಹಲವರು ಬರೆದರು. ನಾನೂ ಹಾಗೇ ಆಶಿಸಿದ್ದೆ. ಊರಿಗೆ ಬಂದದ್ದು ಇದ್ದ ನೌಕರಿ ಮಾತ್ರ. ಮುಂದಿನ ನೌಕರಿಯ ಸುದ್ದಿ, ಕಲಿಸುವ ಹಿರಿಯ ಸಹೋದ್ಯೋಗಿ, ಬಡ್ತಿಯ ಮಾತು ಆಫೀಸಿನಲ್ಲೇ ಉಳಿದವು. ಕಂಪನಿಗಳು ಕರೆದಾಗ ಬಹಳಷ್ಟು ಜನ ಗಂಟುಮೂಟೆ ಕಟ್ಟಿಕೊಂಡು ಮರಳಿದರು.

ಬೆಂಗಳೂರು ಈ ಅವಕಾಶಕ್ಕೆ ದುಬಾರಿ ಬೆಲೆ ಕೇಳುತ್ತದೆ. ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದಂತೆ ನಗರದೊಳಗೆ 10 ಕಿ.ಮೀ. ಸಾಗಲು ಸರಾಸರಿ ಅರ್ಧ ಗಂಟೆಗಿಂತ ಹೆಚ್ಚು ಬೇಕಿತ್ತು. ಹೀಗಾಗಿ ನಗರದೊಳಗೇ ಇನ್ನೊಂದು ಆಯ್ಕೆ ಶುರುವಾಗುತ್ತದೆ. ಯಲಹಂಕದಲ್ಲಿ ಕೋಣೆ ಮಾಡಿದವನಿಗೆ ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಇದ್ದೂ ಇಲ್ಲದಂತೆ. 2023ರಲ್ಲಿ ಮೆಟ್ರೊ ವೈಟ್‌ಫೀಲ್ಡ್‌ಗೆ ಪೂರ್ತಿಯಾಗಿ ಜೋಡಣೆಯಾದಾಗ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರಕ್ಕೆ ಓಡಿದಾಗ, ಕೆಂಗೇರಿಯ, ಜಯನಗರದ ಪಿ.ಜಿ.ಗಳಲ್ಲಿ ಇದ್ದವರಿಗೆ ಹೊಸ ಕಂಪನಿ ಹುಟ್ಟದೆಯೇ ಹೊಸ ನೌಕರಿಗಳು ಹತ್ತಿರವಾದವು. ಸಾರಿಗೆಯೂ ಉದ್ಯೋಗ ಸೃಷ್ಟಿಯೇ.

ಹಾಗಾದರೆ ಉಳಿದ ಊರುಗಳು ಏನು ಮಾಡಬೇಕು? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಗೆ ಕಂಪನಿಗಳನ್ನು ಕರೆಯುವ ಕೆಲಸವೂ ನಡೆದಿದೆ. ನನ್ನ ವಿನಂತಿ ಇಷ್ಟೇ: ಊರಿಗೊಂದು ಕಂಪನಿ ಹಂಚುವುದನ್ನು ಬಿಟ್ಟು, ಊರಿಗೊಂದು ಕಸುಬು ಬೆಳೆಸಿ. ಬೆಳಗಾವಿಯನ್ನು ನೋಡಿ. ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ಸ್ ಘಟಕಗಳು, ಹತ್ತರಗಿಯ ವಿಮಾನ ಬಿಡಿಭಾಗಗಳ ವಲಯ ಎಲ್ಲವೂ ಲೋಹದ ಕೆಲಸವೇ. ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರ್ ಒಂದು ಗೇಟಿನಿಂದ ಹೊರಬಂದರೆ ಇನ್ನೊಂದು ಗೇಟು ಕಾಣುತ್ತದೆ.

ಎರಡು ಊರು ಕೂಡಿದರೆ ಬಾಗಿಲುಗಳೂ ಕೂಡುತ್ತವೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಚಿಗರಿ ಬಸ್ಸು ಓಡಲು ಶುರುವಾದಾಗ ಆದದ್ದು ಅದೇ. ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ, ಐಐಐಟಿ, ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಇಪ್ಪತ್ತು ಕಿ.ಮೀ. ಅಂತರದಲ್ಲಿ ಎರಡು ಊರು. ಇದನ್ನು ಒಂದೇ ಉದ್ಯೋಗ ಪೇಟೆಯಾಗಿ ಕಟ್ಟಬಹುದು. ಕೊನೆಯ ಬಸ್ಸು ರಾತ್ರಿ ಹತ್ತರ ನಂತರವೂ ಇರಬೇಕು, ಸ್ಟಾಪಿನಲ್ಲಿ ದೀಪ ಇರಬೇಕು, ಹೊರಗಿನಿಂದ ಬಂದ ಹೆಣ್ಣುಮಗಳಿಗೆ ಪ್ರಶ್ನೆ ಕೇಳದೆ ಮನೆ ಕೊಡುವವರು ಇರಬೇಕು. ಮಕ್ಕಳನ್ನು ಹೋಗಬೇಡಿ ಎನ್ನುವುದು ತಪ್ಪು. ಹೋಗಲಿ, ಕಲಿಯಲಿ. ಸ್ಪೇನ್‌ನ ಅಧ್ಯಯನ ಹೇಳಿದಂತೆ ಅವರು ಕಲಿತದ್ದು ಮರಳಿ ಬರುವಾಗ ಜೊತೆಗೇ ಬರುತ್ತದೆ. ಬರುವವರಿಗೆ ಊರು ತಯಾರಿರಬೇಕು.

ಕಳೆದ ಯುಗಾದಿಗೆ ಅವಳು ಮನೆಗೆ ಬಂದಿದ್ದಳು. ಈಗ ಒಂದು ತಂಡವನ್ನೇ ನಡೆಸುತ್ತಾಳೆ. ಅಪ್ಪನಿಗೆ ಮೊಣಕಾಲು ನೋವು, ಹೊಲ ಲಾವಣಿಗೆ ಕೊಟ್ಟಿದ್ದಾರೆ, ಹತ್ತಿರ ಇರಬೇಕು ಅನ್ನಿಸುತ್ತದೆ ಎಂದಳು. ಬೇವು ಬೆಲ್ಲ ಕೈಗಿಟ್ಟಾಗ ಕೇಳಿದಳು: ‘ನಾ ಮಾಡೋ ಕೆಲಸದ ಕಂಪನಿ ಈಗ ಹುಬ್ಬಳ್ಳ್ಯಾಗ ಎಷ್ಟು ಅದಾವ್ರಿ ಸರ್?’ ನಾನು ಬೆರಳು ಮಡಚುತ್ತಾ ಹೋದೆ. ಎರಡಕ್ಕೆ ನಿಂತೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ‘ನಾಕೈದು ಆದ್ರ ಹೇಳ್ರಿ, ಬರ್ತೀನಿ’ ಎಂದಳು.